ಡಬ್ಬದ ಮೇಲೆ ಯಾವ ಮಗುವಿನ ಫೋಟೊ?

ಕಳೆದ ಗಣೇಶನ ಹಬ್ಬದಲ್ಲಿ ಪೆಂಡಾಲಿನ ಪಕ್ಕ ನಮ್ಮ ಡಬ್ಬ ಇಟ್ಟುಕೊಂಡು ಕೂತಿದ್ದೆ. ಡಬ್ಬ ಅಂದರೆ ದೊಡ್ಡದೇನಲ್ಲ, ಐದು ಕೆಜಿ ತುಪ್ಪದ ಖಾಲಿ ಡಬ್ಬ. ಮುಚ್ಚಳದಲ್ಲಿ ಸೀಳು ಕೊರೆಸಿ ಬೀಗ ಹಾಕಿದ್ದೆವು. ಮೇಲೆ ಬಿಳಿ ಕಾಗದ ಅಂಟಿಸಿ ‘ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ’ ಅಂತ ಬರೆದಿದ್ದೆವು. ಒಬ್ಬ ತಾಯಿ ಬಂದರು. ಪರ್ಸ್ ತೆಗೆದರು, ಐನೂರರ ನೋಟು ಹೊರಗೆ ಬಂತು. ಆಮೇಲೆ ಡಬ್ಬದ ಸುತ್ತ ಕಣ್ಣಾಡಿಸಿ, “ಯಾವ ಮಗುವಿಗೆ ಅಕ್ಕಾ?” ಅಂದರು. ಒಂದು ಮಗುವಿಗೆ ಅಂತಲ್ಲ, ಸಂಶೋಧನೆಗೆ ಅಂದೆ. ಐನೂರು ಒಳಗೆ ಹೋಯಿತು. ಡಬ್ಬದೊಳಗಲ್ಲ, ಪರ್ಸಿನೊಳಗೆ. ಡಬ್ಬಕ್ಕೆ ಇಪ್ಪತ್ತು ರೂಪಾಯಿ ಬಿತ್ತು.

ಅವರನ್ನು ದೂರುತ್ತಿಲ್ಲ. ನಾನೂ ಹಾಗೇ ಇದ್ದವಳು. ಮುಖ ಕಂಡರೆ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಸಂಶೋಧನೆ ಅಂದಕೂಡಲೇ ಬಿಳಿ ಕೋಟು, ಗಾಜಿನ ಕೊಳವೆ, ಎಲ್ಲೋ ದೂರದ ದೇಶ ನೆನಪಾಗುತ್ತದೆ. ಇವತ್ತು ನಾನು ಮಾತಾಡೋದು ಆ ಐನೂರಕ್ಕೂ ಇಪ್ಪತ್ತಕ್ಕೂ ನಡುವಿನ ನಾನೂರ ಎಂಬತ್ತು ರೂಪಾಯಿ ಬಗ್ಗೆ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 31 ವರ್ಷ ಕೂತವಳು ನಾನು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಹುಡುಕದೆ ಮನೆಗೆ ಹೋಗಿ ಅಭ್ಯಾಸ ಇಲ್ಲ.

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇನೆ. ನಮ್ಮ ಗುಂಪು ಶುರುವಾದಾಗ ಮಾಡಿದ ಮೊದಲ ಕೆಲಸ ಫ್ಲೆಕ್ಸ್ ಹಾಕಿಸಿದ್ದು. ರಕ್ತದ ಕ್ಯಾನ್ಸರ್ ಆಗಿದ್ದ ಏಳೆಂಟು ವರ್ಷದ ಹುಡುಗ. ಕೂದಲು ಉದುರಿದ ತಲೆ, ಬಾಯಿಗೆ ಮಾಸ್ಕ್, ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಸರ್ಕಲ್ಲಿನಲ್ಲಿ ಕಟ್ಟಿದೆವು, ವಾಟ್ಸಾಪಿಗೂ ಬಿಟ್ಟೆವು. ಸುಳ್ಳು ಹೇಳಲ್ಲ, ದುಡ್ಡು ಚೆನ್ನಾಗೇ ಬಂತು. ಹುಡುಗನೂ ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿಕೊಂಡು ಹುಷಾರಾಗಿ ಬಂದ.

ಅದಾಗಿ ಎರಡು ವರ್ಷಕ್ಕೆ ಒಂದು ಸಂಜೆ ಅವನಪ್ಪ ನಮ್ಮ ಮನೆಗೆ ಬಂದರು. ಕಾಫಿ ಬೇಡ ಅಂದರು. ಕುರ್ಚಿಯ ಅಂಚಿನಲ್ಲಿ ಕೂತು, “ಮೇಡಂ, ಆ ಫೋಟೊ ಇನ್ನೂ ಓಡಾಡ್ತಾ ಇದೆ. ಸ್ಕೂಲಲ್ಲಿ ಇವನನ್ನ ಫ್ಲೆಕ್ಸು ಅಂತ ಕರೀತಾರೆ. ಮೊನ್ನೆ ನಮ್ಮ ಸಂಬಂಧಿಕರೊಬ್ರು ಹುಡುಗ ಹೋಗ್ಬಿಟ್ಟ ಅಂದ್ಕಂಡು ಅಳ್ತಾ ಫೋನ್ ಮಾಡಿದ್ರು” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು. ಅಪ್ಪ ಅಮ್ಮನ ಒಪ್ಪಿಗೆ ತಗೊಂಡಿರಲಿಲ್ಲವಾ ಅಂತ ನೀವು ಕೇಳಬಹುದು. ತಗೊಂಡಿದ್ದೆವು, ಸಹಿ ಕೂಡ ಇದೆ. ಆದರೆ ಸಹಿ ಹಾಕುವಾಗ ಅವರ ಮಗ ಐಸಿಯುನಲ್ಲಿದ್ದ. ಆ ಹೊತ್ತಿನಲ್ಲಿ ಯಾವ ತಂದೆ ಯಾವ ಕಾಗದಕ್ಕೆ ಆಗಲ್ಲ ಅನ್ನುತ್ತಾನೆ ಹೇಳಿ.

ಅವತ್ತಿನಿಂದ ನಮ್ಮ ಡಬ್ಬದ ಮೇಲೆ ಫೋಟೊ ಇಲ್ಲ. ಆಮೇಲೆ ಮುಖ ತೋರಿಸದೆ ದುಡ್ಡು ಕೇಳೋದು ಹೇಗೆ ಅಂತ ತಲೆ ಕೆಡಿಸಿಕೊಂಡೆ. ಹಾಗೆ ಓದುತ್ತಾ ಹೋದಾಗ ಸಿಕ್ಕವನು ಬೋಸ್ಟನ್ನಿನ ಜಿಮ್ಮಿ.

1948ರ ಮೇ 22. ಅಮೆರಿಕದ ರೇಡಿಯೊದಲ್ಲಿ ರಾಲ್ಫ್ ಎಡ್ವರ್ಡ್ಸ್ ಅನ್ನುವವರ ಕಾರ್ಯಕ್ರಮ, ಊರೂರಿನಲ್ಲೂ ಕೇಳುವಂಥದ್ದು. ಅವತ್ತು ಅವರು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಒಬ್ಬ ಹುಡುಗನ ಜೊತೆ ಮಾತಾಡಿದರು. ಹುಡುಗನಿಗೆ 12 ವರ್ಷ. ಹೊಟ್ಟೆಯೊಳಗೆ ಲಿಂಫೋಮಾ ಅನ್ನೋ ಕ್ಯಾನ್ಸರ್. ನಮ್ಮ ಹುಡುಗರಿಗೆ ಕ್ರಿಕೆಟ್ ಇದ್ದ ಹಾಗೆ ಅವನಿಗೆ ಬೇಸ್‌ಬಾಲ್ ಹುಚ್ಚು, ಬೋಸ್ಟನ್ ಬ್ರೇವ್ಸ್ ಅವನ ಟೀಮು. ಮಾತು ನಡೆಯುತ್ತಿದ್ದ ಹಾಗೇ ಆ ಟೀಮಿನ ಆಟಗಾರರು ಅವನ ಕೋಣೆಗೇ ಬಂದುಬಿಟ್ಟರು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ದೂರದಿಂದ ನೋಡಿದವರು ನಿಮ್ಮ ಹಾಸಿಗೆ ಪಕ್ಕ ನಿಂತರೆ ಹೇಗಿರುತ್ತೆ, ಹಾಗೆ. ಹುಡುಗನ ಖುಷಿ ರೇಡಿಯೊದಲ್ಲಿ ಎಲ್ಲರ ಮನೆಗೂ ಹೋಯಿತು. ಕೊನೆಗೆ ಎಡ್ವರ್ಡ್ಸ್ ಒಂದು ಮಾತು ಕೇಳಿದರು. 20,000 ಡಾಲರ್ ಕೂಡಿದರೆ ಆಟ ನೋಡೋಕೆ ಈ ಹುಡುಗನಿಗೆ ಒಂದು ಟಿವಿ ಕೊಡುತ್ತೇವೆ ಅಂದರು.

ಕೂಡಿದ್ದು 2,31,000 ಡಾಲರ್. ಬೀದಿ ಬೀದಿಯಲ್ಲೂ ಮಕ್ಕಳು ಡಬ್ಬ ಹಿಡಿದು ಹೊರಟರು, ಸಿನಿಮಾ ಮಂದಿರಗಳಲ್ಲಿ ಡಬ್ಬ ಬಂತು. ವಿಳಾಸ ಗೊತ್ತಿಲ್ಲದವರು ಲಕೋಟೆ ಮೇಲೆ ‘ಜಿಮ್ಮಿ, ಬೋಸ್ಟನ್’ ಅಂತಷ್ಟೇ ಬರೆದು ಹಾಕಿದರು. ಅಂಚೆಯವರು ಮುಟ್ಟಿಸಿದರು. ಹುಡುಗನಿಗೆ ಟಿವಿಯೂ ಬಂತು.

ಇದರಲ್ಲಿ ನನಗೆ ಹಿಡಿಸಿದ್ದು ಎರಡು ವಿಷಯ. ಒಂದು, ಅವನ ಹೆಸರು ಜಿಮ್ಮಿ ಅಲ್ಲವೇ ಅಲ್ಲ. ಆಸ್ಪತ್ರೆಯವರು ಅವನ ನಿಜವಾದ ಹೆಸರು ಮುಚ್ಚಿಟ್ಟರು. ರೇಡಿಯೊ ಆದ್ದರಿಂದ ಮುಖವೂ ಕಾಣಲಿಲ್ಲ. ದನಿ ಮಾತ್ರ ಇತ್ತು. ಇನ್ನೊಂದು, ಜನ ಕೊಟ್ಟಿದ್ದು ಟಿವಿಗೆ, ಆದರೆ ಆ ದುಡ್ಡು ಹೋಗಿದ್ದು ಸಂಶೋಧನೆಗೆ. ಕದ್ದುಮುಚ್ಚಿ ಅಲ್ಲ, ಹೇಳಿಯೇ. ಆ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅನ್ನುವ ಡಾಕ್ಟರು ಒಂದು ವರ್ಷ ಮುಂಚೆ, 1947ರಲ್ಲಿ, ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಅಂತ ಒಂದು ಪ್ರತಿಷ್ಠಾನ ಶುರು ಮಾಡಿದ್ದರು. ‘ಜಿಮ್ಮಿ ಫಂಡ್’ ಅದರ ಖಜಾನೆ ಆಯಿತು. 1952ರ ಹೊತ್ತಿಗೆ ಕಟ್ಟಡವೇ ಎದ್ದಿತು. ಇವತ್ತಿಗೂ ಆ ಫಂಡ್ ನಡೆಯುತ್ತಿದೆ.

ಫಾರ್ಬರ್ ಪ್ಯಾಥಾಲಜಿಸ್ಟ್. ಅಂದರೆ ರೋಗಿಯ ಮೈಯಿಂದ ತೆಗೆದ ಚೂರನ್ನೋ ಸತ್ತವರ ದೇಹವನ್ನೋ ಪರೀಕ್ಷಿಸುವ ಡಾಕ್ಟರು. ರಕ್ತದ ಕ್ಯಾನ್ಸರಿನಲ್ಲಿ ಮಕ್ಕಳು ವಾರಗಳಲ್ಲಿ, ತಿಂಗಳುಗಳಲ್ಲಿ ಹೋಗಿಬಿಡುತ್ತಿದ್ದ ಕಾಲ ಅದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಅವರು ಯೋಚನೆ ಮಾಡಿದ್ದು ಫೋಲಿಕ್ ಆಸಿಡ್ ಬಗ್ಗೆ. ಬಸುರಿಯರಿಗೆ ಮಾತ್ರೆ ಕೊಡುತ್ತಾರಲ್ಲ, ಅದೇ. ಮೊದಲು ಅದನ್ನೇ ಕೊಟ್ಟು ನೋಡಿದರು. ಕ್ಯಾನ್ಸರ್ ಇನ್ನೂ ಜೋರಾಯಿತು. ಹಾಗಾದರೆ ಇದಕ್ಕೆ ಅಡ್ಡ ಹಾಕುವ ವಸ್ತು ಕೊಟ್ಟರೆ? ಆ ಅಡ್ಡಗಾಲಿನ ಹೆಸರು ಅಮಿನೊಪ್ಟೆರಿನ್.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರಾಗಬೇಡಿ. ಆ ಅಮಿನೊಪ್ಟೆರಿನ್ ಮಾಡಿಕೊಟ್ಟ ತಂಡದ ಮುಖ್ಯಸ್ಥರು ಯಾರು ಗೊತ್ತಾ? ನಮ್ಮ ಪಕ್ಕದ ಆಂಧ್ರದ ಭೀಮಾವರದವರು, ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದ ಮೊದಲಲ್ಲಿ ಬೋಸ್ಟನ್ನಿಗೆ ಹೊರಟರು. ಹೋಗೋಕೆ ದುಡ್ಡಿರಲಿಲ್ಲ. ಮಾವನವರು ಹೊಂದಿಸಿದರು, ಒಂದು ಧರ್ಮನಿಧಿಯೂ ಕೈಹಿಡಿಯಿತು. ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತಿದರು. ಊರಲ್ಲಿ ಬಿಟ್ಟು ಹೋದ ಹೆಂಡತಿಯನ್ನು ಮತ್ತೆ ನೋಡಲೇ ಇಲ್ಲ. ಅವರ ಮನೆಯಲ್ಲಿ ಅಣ್ಣತಮ್ಮಂದಿರನ್ನು ಬಲಿ ತೆಗೆದುಕೊಂಡಿದ್ದ ಕಾಯಿಲೆ ಸ್ಪ್ರೂ. ಅದನ್ನು ವಾಸಿ ಮಾಡುವ ಫೋಲಿಕ್ ಆಸಿಡ್ಡನ್ನು 1945ರಲ್ಲಿ ಲ್ಯಾಬಿನಲ್ಲಿ ತಯಾರಿಸಿದ್ದೂ ಅವರ ತಂಡವೇ. ಕಾಕಿನಾಡದ ಕಡೆಯ ಯಾವುದೋ ದಾನಿ ಕೊಟ್ಟ ಧರ್ಮದ ದುಡ್ಡು ಎಷ್ಟು ಸುತ್ತು ಹಾಕಿ ಬೋಸ್ಟನ್ನಿನ ಮಕ್ಕಳ ವಾರ್ಡಿಗೆ ಬಂತು ನೋಡಿ. ಕೊಟ್ಟವರಿಗೆ ಅದು ಯಾವ ಮಗುವಿಗೆ ಅಂತ ಗೊತ್ತಿರೋಕೆ ಸಾಧ್ಯ ಇತ್ತಾ?

1948ರ ಜೂನಿನಲ್ಲಿ ಫಾರ್ಬರ್ ತಮ್ಮ ಲೆಕ್ಕ ಪ್ರಕಟಿಸಿದರು. 16 ಮಕ್ಕಳಿಗೆ ಮದ್ದು ಕೊಟ್ಟಿದ್ದು, 10 ಮಕ್ಕಳಲ್ಲಿ ಕಾಯಿಲೆ ಹಿಂದೆ ಸರಿದಿತ್ತು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು, ಬರೀ 53 ವರ್ಷಕ್ಕೆ. ಅಮಿನೊಪ್ಟೆರಿನ್ನಿನ ತಮ್ಮ ಅನ್ನಬಹುದಾದ ಮೆಥೊಟ್ರೆಕ್ಸೇಟ್ ಇವತ್ತು ಬೆಂಗಳೂರಿನ ಕಿದ್ವಾಯಿಯಲ್ಲೂ ಮಕ್ಕಳಿಗೆ ಕೊಡುತ್ತಾರೆ.

ಈಗ ದುಡ್ಡು ಎತ್ತುವವರಿಗೆ ಕಷ್ಟವಾಗುವ ಭಾಗ. ಆ 10 ಮಕ್ಕಳಲ್ಲೂ ಕಾಯಿಲೆ ತಿರುಗಿ ಬಂತು. ತಿಂಗಳುಗಟ್ಟಲೆ ಆಯಸ್ಸು ಸಿಕ್ಕಿತು, ಆಮೇಲೆ ಹೋದರು. ನಾವು ಅವತ್ತು ಡಬ್ಬಕ್ಕೆ ದುಡ್ಡು ಹಾಕಿದ್ದರೆ ಏನನ್ನುತ್ತಿದ್ದೆವು? ಸುಮ್ನೆ ದಂಡ ಆಯ್ತು ಅನ್ನುತ್ತಿದ್ದೆವು ಅಲ್ವಾ? ಗುಣ ಆಗೋಕೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಬೇಕಾಯಿತು. ಒಂದೇ ಮದ್ದು ಸಾಲದು, ನಾಲ್ಕೈದನ್ನು ಒಟ್ಟಿಗೆ ಕೊಡಬೇಕು ಅಂತ ಗೊತ್ತಾಗೋಕೆ. ಮೆದುಳಿನ ಸುತ್ತ ಅಡಗಿ ಕೂತ ಕ್ಯಾನ್ಸರ್ ಕಣವನ್ನೂ ಬಿಡಬಾರದು ಅಂತ ಗೊತ್ತಾಗೋಕೆ. ಕಾಯಿಲೆ ಹೋದ ಮೇಲೂ ಎರಡು ಮೂರು ವರ್ಷ ಮಾತ್ರೆ ನಿಲ್ಲಿಸಬಾರದು ಅಂತ ಗೊತ್ತಾಗೋಕೆ. ಆ ಮದ್ದುಗಳಲ್ಲಿ ಒಂದು ನಿಮ್ಮ ಮನೆ ಮುಂದೆಯೇ ಇದೆ. ನಿತ್ಯಪುಷ್ಪ, ಕಾಶಿ ಕಣಗಿಲೆ ಅಂತೀವಲ್ಲ, ನೀರು ಹಾಕದಿದ್ದರೂ ಹೂ ಬಿಡುವ ಗಿಡ. ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಬಳಕೆಗೆ ಬಂತು. ಮೆಂಫಿಸ್ ಅನ್ನುವ ಊರಿನಲ್ಲಿ ಡ್ಯಾನಿ ಥಾಮಸ್ ಅನ್ನುವ ಹಾಸ್ಯನಟ ಹರಕೆ ಹೊತ್ತು, ಊರೂರು ಸುತ್ತಿ ದುಡ್ಡು ಎತ್ತಿ, 1962ರಲ್ಲಿ ಸೇಂಟ್ ಜೂಡ್ ಆಸ್ಪತ್ರೆ ತೆರೆಸಿದರು. ಅಲ್ಲಿನ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಈ ಮದ್ದುಗಳನ್ನೆಲ್ಲ ಒಟ್ಟು ಸೇರಿಸಿದರು. ಆಸ್ಪತ್ರೆ ತೆರೆದಾಗ ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರಿನಲ್ಲಿ ಉಳಿಯುತ್ತಿದ್ದವರು ನೂರಕ್ಕೆ ನಾಲ್ಕು. ಈಗ ಅಲ್ಲಿ ತೊಂಬತ್ತಕ್ಕೂ ಜಾಸ್ತಿ.

ಕೆಲವರು ಕೇಳುತ್ತಾರೆ, ಮದ್ದು ಹುಡುಕುವ ಬದಲು ಕಾಯಿಲೆ ಬರದಂತೆ ನೋಡಿಕೊಳ್ಳಬಹುದಲ್ಲ ಅಂತ. ದೊಡ್ಡವರ ವಿಷಯದಲ್ಲಿ ಆ ಮಾತು ಸರಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಬೀದಿ ಬೀದಿ ಸುತ್ತಿ ಕಾಸು ಕೇಳಲಿಲ್ಲ. ನಿಮ್ಮ ಗುಟಕಾ, ಬೀಡಿ, ಕುಡಿತ ಹಾಕಿ ಅಂತ ಕೇಳಿದರು. ದೊಡ್ಡವರ ಬಾಯಿ ಕ್ಯಾನ್ಸರಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಆದರೆ ಮೂರು ವರ್ಷದ ಕೂಸು ಯಾವ ಚಟ ಬಿಡಬೇಕು? ಮಕ್ಕಳ ಕ್ಯಾನ್ಸರುಗಳಲ್ಲಿ ಬಹುಪಾಲು ಹೀಗೆ ಮಾಡಿದರೆ ತಪ್ಪಿಸಬಹುದು ಅನ್ನುವಂಥವಲ್ಲ. ಮುಂಚೆಯೇ ಪರೀಕ್ಷೆ ಮಾಡಿ ಹಿಡಿಯೋದೂ ಕಷ್ಟ. ಬಂದ ಮೇಲೆ ಬೇಗ ಗುರುತಿಸಬೇಕು, ಸರಿಯಾದ ಮದ್ದು ಸರಿಯಾಗಿ ಕೊಡಬೇಕು, ಉಳಿದಿರೋ ದಾರಿ ಅಷ್ಟೆ. ತಾಯಂದಿರನ್ನು “ಏನು ತಿನ್ನಿಸಿದ್ರಿ?” ಅಂತ ಕೇಳುವವರಿದ್ದಾರಲ್ಲ, ದಯವಿಟ್ಟು ಕೇಳಬೇಡಿ.

ಸಂಶೋಧನೆಯ ಬೆಲೆ ಏನು ಅಂತ ತನ್ನ ಮೈಮೇಲೇ ಕಂಡವನು ಕೆನಡಾದ ಟೆರಿ ಫಾಕ್ಸ್. 1977ರಲ್ಲಿ, 18 ವರ್ಷಕ್ಕೆ ಮೂಳೆ ಕ್ಯಾನ್ಸರ್ ಬಂತು, ಬಲಗಾಲು ತೆಗೆದರು. ಉಳಿಯುವ ಅವಕಾಶ ನೂರಕ್ಕೆ ಐವತ್ತು ಅಂದರು ಡಾಕ್ಟರು. ಎರಡೇ ವರ್ಷ ಹಿಂದೆ ಬಂದಿದ್ದರೆ ಹದಿನೈದು ಅಂತಿದ್ದೆವು ಅಂದರು. ಆ ಮೂವತ್ತೈದು ಎಲ್ಲಿಂದ ಬಂತು? ಯಾರೋ ಯಾವಾಗಲೋ ಸಂಶೋಧನೆಗೆ ಹಾಕಿದ ದುಡ್ಡಿನಿಂದ. ಅದು ಆ ಹುಡುಗನ ತಲೆಗೆ ಹೊಕ್ಕಿತು. 1980ರ ಏಪ್ರಿಲಿನಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದ ಪೂರ್ವ ತುದಿಯಿಂದ ಓಡೋಕೆ ಶುರು ಮಾಡಿದ. ದಿನಕ್ಕೆ ಒಂದು ಮ್ಯಾರಥಾನು, ಸುಮಾರು 42 ಕಿಲೋಮೀಟರು. ಕೇಳಿದ್ದು ತಲೆಗೆ ಒಂದು ಡಾಲರ್. ಅಂಗಡಿ ಕಂಪನಿಗಳ ಜಾಹೀರಾತು ಬೇಡ ಅಂದ. 143 ದಿನ, 5,373 ಕಿಲೋಮೀಟರು ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದಿದೆ ಅಂತ ಗೊತ್ತಾಯಿತು. ಮುಂದಿನ ಫೆಬ್ರವರಿ ಹೊತ್ತಿಗೆ 2 ಕೋಟಿ 41 ಲಕ್ಷ ಡಾಲರ್ ಕೂಡಿತ್ತು. ಆಗ ಕೆನಡಾದ ಜನಸಂಖ್ಯೆ ಎಷ್ಟಿತ್ತು ಗೊತ್ತಾ? ಅಷ್ಟೇ. 1981ರ ಜೂನಿನಲ್ಲಿ ಅವನು ಹೋದ. ಅವನ ಹೆಸರಿನ ಓಟ ನಮ್ಮ ಮುಂಬೈವರೆಗೂ ಬಂದಿದೆ.

ಬ್ಯಾಂಕಿನವಳು, ಲೆಕ್ಕ ಹಾಕದೆ ಇರೋಕಾಗಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ. ತಲೆಗೆ ಒಂದು ರೂಪಾಯಿ. ನೀವೇ ಹೇಳಿ.

ಅಲ್ಲಿನವರ ಕೆಲವು ಉಪಾಯ ಇಲ್ಲಿ ಹಾಗೇ ನಡೆಯಲ್ಲ ಅನ್ನೋದೂ ನಿಜ. ಅಲೆಕ್ಸ್ ಅಂತ ಒಂದು ಪುಟ್ಟ ಹುಡುಗಿ ಇದ್ದಳು ಅಮೆರಿಕದಲ್ಲಿ. ಒಂದು ವರ್ಷ ತುಂಬುವ ಮುಂಚೆಯೇ ನ್ಯೂರೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್. ನಾಲ್ಕು ವರ್ಷದವಳಾಗಿದ್ದಾಗ, 2000ದಲ್ಲಿ, ಮನೆ ಮುಂದೆ ನಿಂಬೆಹಣ್ಣಿನ ಪಾನಕ ಮಾರಿ ತನ್ನ ಡಾಕ್ಟರುಗಳಿಗೆ ದುಡ್ಡು ಕೊಡುತ್ತೇನೆ ಅಂದಳು. ಮೊದಲ ಸಲಕ್ಕೆ ಎರಡು ಸಾವಿರ ಡಾಲರ್ ಬಂತು. 2004ರಲ್ಲಿ, ಎಂಟು ವರ್ಷಕ್ಕೆ ತೀರಿಕೊಂಡಾಗ ಹತ್ತು ಲಕ್ಷ ಡಾಲರ್ ಮುಟ್ಟಿತ್ತು. ಇದನ್ನು ಕೇಳಿ ನಮ್ಮ ಗುಂಪಿನ ಹುಡುಗರಿಗೆ ಹುಮ್ಮಸ್ಸು ಬಂತು. ರಾಮನವಮಿ ದಿನ ಪಾನಕದ ಟೇಬಲ್ ಹಾಕಿದರು, ಲೋಟಕ್ಕೆ ಹತ್ತು ರೂಪಾಯಿ. ಒಬ್ಬ ಅಜ್ಜ ಬಂದು, “ರಾಮನ ಪಾನಕ ಮಾರ್ತೀರೇನ್ರೋ!” ಅಂತ ಬೈದರಲ್ಲ, ಹುಡುಗರ ಮುಖ ನೋಡಬೇಕಿತ್ತು. ಪಕ್ಕದ ಬೀದಿಯಲ್ಲಿ ಪುಕ್ಕಟೆ ಪಾನಕ, ಕೋಸಂಬರಿ ಬೇರೆ. ಯಾರು ಬರುತ್ತಾರೆ? ಮರುವರ್ಷ ಪಾನಕ ಪುಕ್ಕಟೆ ಕೊಟ್ಟು ಪಕ್ಕದಲ್ಲಿ ಡಬ್ಬ ಇಟ್ಟೆವು. ಅದೇ ಅಜ್ಜ ನೂರು ಹಾಕಿದರು.

ತಲೆ ಬೋಳಿಸುವುದೂ ಹಾಗೇ. ನ್ಯೂಯಾರ್ಕಿನಲ್ಲಿ 2000ದ ಮಾರ್ಚ್ 17ರಂದು ಕೆಲವು ಇನ್ಶೂರೆನ್ಸ್ ಕಂಪನಿ ಅಧಿಕಾರಿಗಳು ಕ್ಯಾನ್ಸರ್ ಮಕ್ಕಳ ಜೊತೆಗಿದ್ದೇವೆ ಅಂತ ತಲೆ ಬೋಳಿಸಿಕೊಂಡು ಒಂದು ಲಕ್ಷ ಡಾಲರಿಗೂ ಜಾಸ್ತಿ ಎತ್ತಿದರು. ಸೇಂಟ್ ಬಾಲ್ಡ್ರಿಕ್ಸ್ ಅನ್ನುವ ಸಂಸ್ಥೆ ಹುಟ್ಟಿದ್ದು ಹಾಗೆ. ನಮ್ಮಲ್ಲಿ ತಲೆ ಬೋಳಿಸಿಕೊಂಡವರನ್ನು ಕಂಡರೆ ಯಾರು ದುಡ್ಡು ಕೊಡುತ್ತಾರೆ, “ತಿರುಪತಿಗೆ ಹೋಗಿದ್ರಾ?” ಅಂತಾರೆ. ಆದರೆ ಮುಡಿ ಕೊಡೋದು ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನು ನಮ್ಮ ದೇಶದ ವಿಷಯ. ನಮ್ಮಲ್ಲಿ ಸಂಶೋಧನೆ ಅಂದರೆ ಹೊಸ ಮದ್ದು ಕಂಡುಹಿಡಿಯೋದು ಅಷ್ಟೇ ಅಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ. 1980ರ ದಶಕದವರೆಗೂ ಇಲ್ಲಿ ರಕ್ತದ ಕ್ಯಾನ್ಸರ್ ಬಂದ ಐದು ಮಕ್ಕಳಲ್ಲಿ ಒಂದು ಉಳಿದರೆ ದೊಡ್ಡದು. ಆಗ ಮುಂಬೈನ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಈ ಮೂರೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆ ಕೂತು ಒಂದು ಕ್ರಮ ಹಾಕಿಕೊಂಡವು. ಅಡ್ಯಾರಿನದಂತೂ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಮತ್ತು ಅವರ ಮಹಿಳಾ ಸಂಘದವರು ಜನರ ಹತ್ತಿರ ಕೈಚಾಚಿ 1954ರಲ್ಲಿ 12 ಹಾಸಿಗೆಯಿಂದ ಶುರು ಮಾಡಿದ ಆಸ್ಪತ್ರೆ. ಆ ಕ್ರಮದ ಹೆಸರು ಎಂಸಿಪಿ 841. ಹೊಸ ಮದ್ದು ಒಂದೂ ಇಲ್ಲ, ಇದ್ದ ಮದ್ದುಗಳೇ. ಯಾವಾಗ, ಎಷ್ಟು, ಯಾವುದರ ಹಿಂದೆ ಯಾವುದು ಅಂತ ನಮ್ಮ ಆಸ್ಪತ್ರೆಗಳಿಗೆ, ನಮ್ಮ ಜೇಬಿಗೆ ಹೊಂದುವ ಹಾಗೆ ಕೂಡಿಸಿದ್ದು. ಮೂರೂ ಕಡೆ ಒಂದೇ ಥರ ಕೊಟ್ಟರು, ಒಂದೇ ಥರ ಬರೆದಿಟ್ಟರು. 1,048 ರೋಗಿಗಳ ಲೆಕ್ಕ 2005ರಲ್ಲಿ ಪ್ರಕಟವಾಯಿತು. ಐದರಲ್ಲಿ ಒಂದು ಉಳಿಯುತ್ತಿದ್ದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಉಳಿಯುವಂತಾಗಿತ್ತು. ಬರೆದಿಡದೆ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಸಂಶೋಧನೆ ಇದೆ, ಇದಕ್ಕೆ ಗಾಜಿನ ಕೊಳವೆಯೂ ಬೇಡ. ಮಗು ಯಾಕೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟಿತು ಅಂತ ಹುಡುಕೋದು. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು, ಎರಡೂವರೆ ವರ್ಷ. ಮೊದಲ ಕೆಲವು ತಿಂಗಳಾದ ಮೇಲೆ ಮಗುವಿಗೆ ಕೂದಲು ಬರುತ್ತೆ, ಕೆನ್ನೆ ತುಂಬಿಕೊಳ್ಳುತ್ತೆ, ಆಟ ಆಡುತ್ತೆ. ರಾಯಚೂರು ಕಡೆಯ ಕೂಲಿ ಕುಟುಂಬ ಅಂದುಕೊಳ್ಳಿ. ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು. ಹೋಗಿ ಬಂದರೆ ನಾಲ್ಕು ದಿನದ ಕೂಲಿ ಇಲ್ಲ. ಊರಲ್ಲಿ ಇನ್ನೆರಡು ಮಕ್ಕಳು. ಹತ್ತಿ ಬಿಡಿಸೋ ಕಾಲ. ಮಗು ಹುಷಾರಾಗಿದೆಯಲ್ಲ, ಮುಂದಿನ ತಿಂಗಳು ಹೋದರಾಯ್ತು ಅಂತಾರೆ. ಆ ಮುಂದಿನ ತಿಂಗಳು ಬರಲ್ಲ, ಕಾಯಿಲೆ ಬರುತ್ತೆ. ಟಾಟಾ ಮೆಮೋರಿಯಲ್‌ನಲ್ಲಿ ಒಂದು ಕಾಲಕ್ಕೆ ಐದರಲ್ಲಿ ಒಂದು ಮಗುವಿನಷ್ಟು ಹೀಗೆ ಅರ್ಧಕ್ಕೆ ನಿಲ್ಲುತ್ತಿತ್ತಂತೆ. ಅಲ್ಲಿನ ಇಂಪ್ಯಾಕ್ಟ್ ಅನ್ನೋ ಪ್ರತಿಷ್ಠಾನ ದಾನಿಗಳ ದುಡ್ಡಿನಲ್ಲಿ ಇರೋಕೆ ಜಾಗ, ಊಟ, ಸಮಾಧಾನ ಹೇಳೋಕೆ ಜನ, ಬರದವರಿಗೆ ಫೋನು, ಇಷ್ಟನ್ನೂ ವ್ಯವಸ್ಥೆ ಮಾಡಿತು. ಈಗ ಅದು ಶೇ. 5ಕ್ಕಿಂತ ಕೆಳಗೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಗುಣ ಆಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ ಮೂವತ್ತೂ ಇಲ್ಲ. 2030ರೊಳಗೆ ಜಗತ್ತಿನಲ್ಲೆಲ್ಲ ಅರವತ್ತಾದರೂ ಆಗಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿದೆ. ಆ ಅಂತರದಲ್ಲಿ ಒಂದು ದೊಡ್ಡ ಪಾಲು ಈ ಬಸ್ ಚಾರ್ಜು, ಈ ಫೋನು.

ಹಾಗಾಗಿ ನಮ್ಮ ಗುಂಪು ಈಗ ದುಡ್ಡು ಎತ್ತೋದು ಒಂದು ಸಂಬಳಕ್ಕೆ. ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಪ್ರತಿ ಮಗುವಿನ ದಾಖಲೆ ಬರೆಯೋ, ಬರದವರಿಗೆ ಫೋನ್ ಮಾಡೋ ಒಬ್ಬ ಹುಡುಗಿಯ ಸಂಬಳ. ಇದನ್ನು ಕೇಳೋಕೆ ಹೋದರೆ ಗ್ರಹಚಾರ ಬಿಡುತ್ತೆ. ಕಂಪನಿಗಳಲ್ಲಿ ಸಮಾಜದ ಕೆಲಸಕ್ಕೆ ದುಡ್ಡು ಕೊಡುವ ಸಿಎಸ್‌ಆರ್ ವಿಭಾಗಕ್ಕೆ ಹೋದೆವು. ಹೆಸರು ಕೆತ್ತಿಸೋಕೆ ಬರುವ ಯಂತ್ರ ಇದ್ದರೆ ಹೇಳಿ ಅಂದರು. ಸಂಬಳದ ಮೇಲೆ ಹೆಸರು ಕೆತ್ತೋಕಾಗಲ್ಲವಲ್ಲ.

ಆಮೇಲೆ ನಮ್ಮ ಬೀದಿಯ ಕಿರಾಣಿ ಅಂಗಡಿಗೆ ಹೋದೆ. ಶೆಟ್ರು ಬೆಲ್ಲ ಒಡೆಯುತ್ತಿದ್ದರು. ಎಲ್ಲ ಕೇಳಿ, “ಅಕ್ಕಾರೆ, ಮಗುವಿನ ಇಂಜೆಕ್ಷನ್ನಿಗೆ ಅಂದ್ರೆ ಈಗ್ಲೇ ಕೊಡ್ತೀನಿ. ಯಾರೋ ಕೂತ್ಕಂಡು ಬರೆಯೋಕೆ ಅಂದ್ರೆ ಯಾಕೆ ಕೊಡ್ಲಿ?” ಅಂದರು. ನ್ಯಾಯವಾದ ಪ್ರಶ್ನೆ. ಗಲ್ಲಾಪೆಟ್ಟಿಗೆ ಪಕ್ಕ ಅವರ ಉದ್ರಿ ಪುಸ್ತಕ ದಾರದಲ್ಲಿ ನೇತಾಡುತ್ತಿತ್ತು, ಉದ್ದನೆಯದು, ರಟ್ಟಿಗೆ ಎಣ್ಣೆ ಜಿಡ್ಡು. “ಶೆಟ್ರೇ, ಒಂದು ತಿಂಗಳು ಈ ಪುಸ್ತಕ ಬರೀಬೇಡಿ ನೋಡೋಣ” ಅಂದೆ. ನಕ್ಕರು. “ಬರೀದಿದ್ರೆ ಯಾರು ಬಂದ್ರು, ಯಾರು ಬರ್ಲಿಲ್ಲ ಅಂತನೇ ತಿಳಿಯಲ್ಲ” ಅಂದರು. ಅಂದಿದ್ದೇ ಬೆಲ್ಲ ಒಡೆಯೋದು ನಿಂತಿತು. ಒಂದು ಗಳಿಗೆ ಬಿಟ್ಟು ತಿಂಗಳಿಗೆ ಮುನ್ನೂರು ಅಂದರು. ಪುಸ್ತಕ ಎಳೆದುಕೊಂಡು ‘ಕ್ಯಾನ್ಸರ್ ಅಕ್ಕ – 300’ ಅಂತ ಬರೆದರು. ಬೇರೆಯವರೆಲ್ಲ ಆ ಪುಸ್ತಕದಲ್ಲಿ ಅವರಿಗೆ ಕೊಡಬೇಕಾದವರು. ನಮಗೆ ಮಾತ್ರ ಅವರು ಕೊಡಬೇಕು.

ತಿಂಗಳಿಗೆ ಮುನ್ನೂರು ಅನ್ನೋದು ಒಂದೇ ಸಲದ ಹತ್ತು ಸಾವಿರಕ್ಕಿಂತ ನನಗೆ ದೊಡ್ಡದು. ಸೆಪ್ಟೆಂಬರ್ ಬಂತು ಅಂದರೆ ಮಕ್ಕಳ ಕ್ಯಾನ್ಸರ್ ಜಾಗೃತಿ ತಿಂಗಳು, ಚಿನ್ನದ ಬಣ್ಣದ ರಿಬ್ಬನ್ನು, ಭಾಷಣ, ಚೆಕ್ಕು. ಅಕ್ಟೋಬರಿನಲ್ಲಿ ಯಾರೂ ಇಲ್ಲ. ಆದರೆ ಆ ಹುಡುಗಿಗೆ ಅಕ್ಟೋಬರಿನಲ್ಲೂ ಮನೆ ಬಾಡಿಗೆ ಇರುತ್ತೆ. ಮೂರು ವರ್ಷದ ಅಧ್ಯಯನದಲ್ಲಿ ಎರಡನೇ ವರ್ಷಕ್ಕೆ ಅವಳು ಕೆಲಸ ಬಿಟ್ಟರೆ ಹಿಂದಿನದೂ ಹೋಯಿತು. ಒಂದು ಮಗುವಿನ ಆಪರೇಷನ್ನಿಗೆ ತುಲಾಭಾರ ಮಾಡಿದ ಹಾಗೆ ಒಟ್ಟಿಗೆ ಸುರಿಯಬಹುದು. ಸಂಶೋಧನೆಗೆ ಬೇಕಾಗಿರೋದು ಮುಷ್ಟಿ ಅಕ್ಕಿ.

ಇಲ್ಲಿ ವಯಸ್ಸಾದವರಿಗೆ ಗೊತ್ತಿರುತ್ತೆ. ನಮ್ಮಜ್ಜಿ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕೋಳು. ತಿಂಗಳಿಗೊಂದು ಸಲ ಮಠದ ಹಾಸ್ಟೆಲಿನ ಹುಡುಗರು ಚೀಲ ಹಿಡಕೊಂಡು ಬಂದು ಸುರಿಸಿಕೊಂಡು ಹೋಗೋರು. ಬರಗಾಲದ ವರ್ಷ ಹಿಡಿ ಚಿಕ್ಕದಾಯಿತೇ ಹೊರತು ನಿಲ್ಲಲಿಲ್ಲ. ಆ ಅನ್ನ ಉಂಡು ಓದಿದವರಲ್ಲಿ ಮೇಷ್ಟ್ರಾದವರು ಯಾರು, ಡಾಕ್ಟರಾದವರು ಯಾರು ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಈ ಅಕ್ಕಿ ಯಾವ ಹುಡುಗನಿಗೆ ಅಂತ ಅವಳು ಒಂದು ದಿನವೂ ಕೇಳಿದ್ದಿಲ್ಲ. ಗಣೇಶನ ಪೆಂಡಾಲಿನ ಆ ತಾಯಿ ಮತ್ತೆ ಸಿಕ್ಕರೆ ಇದನ್ನೇ ಹೇಳಬೇಕು ಅಂದುಕೊಂಡಿದ್ದೇನೆ. ಅವತ್ತು ಬಾಯಿಗೆ ಬರಲಿಲ್ಲ.

ಸರ್ಕಾರ ಏನು ಮಾಡುತ್ತಿದೆ ಅಂತ ಯಾರೋ ಹಿಂದಿನಿಂದ ಕೇಳಿದರು. ಚಿಕಿತ್ಸೆಗೆ ಮಾಡುತ್ತಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತೆ. ಎಷ್ಟೋ ಮಕ್ಕಳು ಅದರಿಂದಲೇ ಉಳಿದಿದ್ದಾರೆ, ಗೊತ್ತಿಲ್ಲದ ನೆರೆಹೊರೆಯವರಿಗೆ ಹೇಳಿ. ಆದರೆ ಚಿಕಿತ್ಸೆಗೆ ಬಾರದವನಿಗೆ ಫೋನ್ ಮಾಡುವವಳ ಸಂಬಳ ಆ ಕಾರ್ಡಿನಲ್ಲಿ ಬರಲ್ಲ.

ಯಾರಿಗೇ ಕೊಡಿ, ರಸೀದಿ ಕೇಳಿ. ನಮ್ಮ ಹತ್ತಿರವೂ ಕೇಳಿ. ಕಳೆದ ವರ್ಷದ ಲೆಕ್ಕ ತೋರಿಸಿ ಅನ್ನಿ, ದುಡ್ಡು ಚಿಕಿತ್ಸೆಗೋ ಸಂಶೋಧನೆಗೋ ಜಾಗೃತಿ ಜಾಥಾಕ್ಕೋ ಅನ್ನಿ. ಜಾಥಾದ ಟೀ ಶರ್ಟಿಗೇ ಅರ್ಧ ಹೋಗಿದ್ದರೆ ವಾಪಸ್ ಬನ್ನಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಇನ್ನೂ ಬೇಗ ವಾಪಸ್ ಬನ್ನಿ.

ಜಿಮ್ಮಿ ಏನಾದ ಅಂತ ಹೇಳೋದು ಮರೆತೆ. ಅವನು ಎಂದೋ ಸತ್ತಿದ್ದಾನೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆ ಕಾಲದ ಮಕ್ಕಳು ಉಳಿದಿದ್ದೇ ಕಡಿಮೆ. ಫಂಡಿಗೆ ಐವತ್ತು ವರ್ಷ ತುಂಬಿದಾಗ, 1998ರಲ್ಲಿ, ಐನಾರ್ ಗುಸ್ಟಾಫ್‌ಸನ್ ಅನ್ನುವ ಒಬ್ಬರು ಜನರ ಮುಂದೆ ಬಂದರು. ಮೇಯ್ನ್ ರಾಜ್ಯದ ರೈತರ ಮನೆಯವರು, ಲಾರಿ ಡ್ರೈವರ್, ಮೂರು ಹೆಣ್ಣುಮಕ್ಕಳ ತಂದೆ. ಅವರೇ ಜಿಮ್ಮಿ. ಆ ಐವತ್ತು ವರ್ಷದಲ್ಲಿ ದೊಡ್ಡವರಾಗಿ, ಲಾರಿ ಓಡಿಸಿಕೊಂಡು, ಮಕ್ಕಳನ್ನು ಬೆಳೆಸಿಕೊಂಡು ಆರಾಮಾಗಿದ್ದರು. ಊರಲ್ಲಿ ಯಾರೂ ಅವರನ್ನು ಫ್ಲೆಕ್ಸು ಅಂತ ಕರೆದಿರಲಿಲ್ಲ.

ಬಾಗಿಲ ಹತ್ತಿರ ಅದೇ ತುಪ್ಪದ ಡಬ್ಬ ಇದೆ, ಪಕ್ಕದಲ್ಲಿ ರಸೀದಿ ಪುಸ್ತಕವೂ ಇದೆ. ದಾನಕ್ಕೆ ಸಿಗುವ ಆದಾಯ ತೆರಿಗೆಯ 80ಜಿ ರಿಯಾಯಿತಿ ಬೇಕಾದವರು ಪ್ಯಾನ್ ನಂಬರ್ ಬರೆಸಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಸಿಗಲ್ಲ. ನಗದು ಎರಡು ಸಾವಿರ ದಾಟಿದರೂ ಸಿಗಲ್ಲ. ಹಾಗಂತ ನಾನು ಬೇಡ ಅನ್ನಲ್ಲ.